ದಯೆ ಇತ್ತು, ದಫ್ತರ ಇರಲಿಲ್ಲ: ನಮ್ಮ ಚರ್ಚ್‌ನ ಸೇವಾಸಂಸ್ಥೆ ಹುಟ್ಟಿದ ಬಗೆ

ನಮ್ಮ ಚರ್ಚ್‌ನಲ್ಲಿ ಕೊಡುವವರಿಗೆ ಯಾವತ್ತೂ ಬರ ಇರಲಿಲ್ಲ. ಯಾರದ್ದೋ ಮನೆಯಲ್ಲಿ ಕಾಯಿಲೆ, ಇನ್ಯಾರದ್ದೋ ಕೆಲಸ ಹೋಯಿತು ಅಂತ ಸುದ್ದಿ ಬಂದರೆ ಸಾಕು, ಭಾನುವಾರದ ಪೂಜೆ ಮುಗಿಯುವ ಹೊತ್ತಿಗೆ ಜನ ಕೈಲಾದದ್ದನ್ನು ಫಾದರ್ ಕೈಗೆ ಕೊಟ್ಟು ಹೋಗುತ್ತಿದ್ದರು. ಮಹಿಳಾ ಸಂಘದ್ದು ಒಂದು ನಿಧಿ, ಯುವಕರದ್ದು ಇನ್ನೊಂದು. ಬಾಗಿಲ ಬಳಿ ಬಡವರ ಕಾಣಿಕೆ ಡಬ್ಬಿ ಬೇರೆ. ಇಷ್ಟಿದ್ದೂ ಕೆಲಸ ನೆಟ್ಟಗೆ ಆಗುತ್ತಿರಲಿಲ್ಲ. ಬಾಯಿ ಇದ್ದವರಿಗೆ ಮೂರು ಕಡೆಯಿಂದ ಸಿಗುತ್ತಿತ್ತು, ಬಾಯಿ ಬಿಡದವರಿಗೆ ಒಂದು ಕಡೆಯಿಂದಲೂ ಇಲ್ಲ. ಕ್ರಿಸ್‌ಮಸ್ ಹತ್ತಿರವಾದರೆ ಬಂದ ಕಂಬಳಿಗಳನ್ನು ಇಡಲು ಜಾಗ ಸಾಲದು. ಹಬ್ಬ ಕಳೆದ ಮೇಲೆ ಯಾರಾದರೂ ಬಂದು ಬಾಗಿಲು ತಟ್ಟಿದರೆ ಕೊಡಲು ಏನೂ ಉಳಿದಿರುತ್ತಿರಲಿಲ್ಲ.

ಇದನ್ನೆಲ್ಲ ಒಂದು ದಾರಿಗೆ ತಂದು, ಚರ್ಚ್‌ನಿಂದ ಪ್ರತ್ಯೇಕವಾಗಿ ನಿಲ್ಲುವ ಒಂದು ಸೇವಾಸಂಸ್ಥೆ ಮಾಡೋಣ ಅಂತ ಹೊರಟಾಗ ಬರವಣಿಗೆಯ ಕೆಲಸ ನನ್ನ ತಲೆಗೆ ಬಂತು. ನನ್ನ ಅಕ್ಷರ ದುಂಡಗಿದೆ ಅನ್ನುವುದೊಂದೇ ಅದಕ್ಕೆ ಅರ್ಹತೆ. ಹಾಗಾಗಿ ಮೊದಲ ಸಭೆಯಿಂದ ನೋಂದಣಿ ಪತ್ರ ಕೈಗೆ ಬರುವವರೆಗೆ ಎಲ್ಲವನ್ನೂ ಹತ್ತಿರದಿಂದ ನೋಡಿದೆ.

ಮೊದಲ ಸಭೆಯಲ್ಲಿ ಫಾದರ್ 1617ರ ಒಂದು ಸಂಗತಿ ಹೇಳಿದರು. ಫ್ರಾನ್ಸ್‌ನಲ್ಲಿ ಶಾತಿಯೋಂ ಅಂತ ಒಂದು ಸಣ್ಣ ಊರು. ವಿನ್ಸೆಂಟ್ ದೆ ಪೌಲ್ ಅಲ್ಲಿಗೆ ಹೊಸದಾಗಿ ಬಂದಿದ್ದ ಪಾದ್ರಿ. ಒಂದು ಭಾನುವಾರ ಪೂಜೆಗೆ ಅಣಿಯಾಗುತ್ತಿದ್ದಾಗ, ಊರಾಚೆಯ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳಲು ಒಬ್ಬರೂ ಇಲ್ಲ ಅನ್ನುವ ಸುದ್ದಿ ಬಂತು. ಅವರು ಪ್ರಸಂಗದಲ್ಲಿ ಅದನ್ನೇ ಹೇಳಿದರು. ಮಧ್ಯಾಹ್ನ ತಾವೂ ಆ ಮನೆಗೆ ಹೊರಟರೆ, ದಾರಿಯುದ್ದಕ್ಕೂ ಹೋಗಿ ಬರುತ್ತಿದ್ದ ಹೆಂಗಸರು! ಒಂದೇ ದಿನ ಆ ಮನೆಗೆ ತಿನ್ನಲಾರದಷ್ಟು ಊಟ ಬಂದು ಬಿದ್ದಿತ್ತು. ಬೇರೆ ಪಾದ್ರಿಯಾಗಿದ್ದರೆ ಖುಷಿಪಟ್ಟು ಸುಮ್ಮನಾಗುತ್ತಿದ್ದರೇನೋ. ವಿನ್ಸೆಂಟ್‌ಗೆ ಕಂಡದ್ದು ಬೇರೆ. ಇವತ್ತು ಇದರಲ್ಲಿ ಅರ್ಧ ಹಳಸುತ್ತದೆ, ನಾಳೆ ಆ ಮನೆಯವರು ಮತ್ತೆ ಉಪವಾಸ. ಜನರ ಮನಸ್ಸು ದೊಡ್ಡದೇ, ಆದರೆ ಅದಕ್ಕೊಂದು ಕ್ರಮವಿಲ್ಲ.

ಅವರು ಆ ಹೆಂಗಸರನ್ನೇ ಕೂರಿಸಿಕೊಂಡು ಸರದಿ ಹಾಕಿದರು. ಅದೇ ವರ್ಷದ ಡಿಸೆಂಬರ್ ಹೊತ್ತಿಗೆ ಬರವಣಿಗೆಯಲ್ಲಿ ಒಂದು ನಿಯಮಾವಳಿಯೂ ಆಯಿತು. ಅದರಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಸೂಚನೆ. ರೋಗಿಗಳ ಮನೆಗೆ ಹೋಗುವಾಗ, ಜೊತೆಗೆ ಯಾರಾದರೂ ಇರುವವರನ್ನು ಮೊದಲು ನೋಡಿ, ಒಂಟಿಯಾಗಿರುವವರನ್ನು ಕೊನೆಗೆ ನೋಡಿ. ಯಾಕೆಂದರೆ ಕೊನೆಯವರ ಹತ್ತಿರ ಜಾಸ್ತಿ ಹೊತ್ತು ಕೂರಬಹುದು. ನಾನೂರು ವರ್ಷ ಹಳೆಯ ನಿಯಮ. ನಮ್ಮ ಭೇಟಿಯ ಪಟ್ಟಿಯನ್ನು ಇವತ್ತಿಗೂ ಹಾಗೇ ಜೋಡಿಸುತ್ತೇವೆ.

ಕಥೆ ಎಲ್ಲರಿಗೂ ಹಿಡಿಸಿತು. ನೋಂದಣಿ, ಲೆಕ್ಕಪತ್ರ ಅಂದ ಕೂಡಲೇ ಮುಖ ಸಿಂಡರಿಸಿದವರೂ ಇದ್ದರು. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಚರ್ಚ್‌ನ ಮಕ್ಕಳಿಗೆಲ್ಲ ಉಪದೇಶ ತರಗತಿ ತೆಗೆದುಕೊಂಡವರು. ಎದ್ದು ನಿಂತು ಕೇಳಿದರು: "ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ. ನೀವು ರಸೀದಿ ಪುಸ್ತಕ ಮಾಡ್ತೀನಿ ಅಂತೀರಲ್ಲ?" ಮಹಿಳಾ ಸಂಘದ ನಿಧಿ ನೋಡಿಕೊಳ್ಳುತ್ತಿದ್ದ ಅಕ್ಕ ಕೂತಲ್ಲಿಂದಲೇ ಉತ್ತರ ಕೊಟ್ಟರು: "ಎಡಗೈಗೆ ಗೊತ್ತಾಗೋದು ಬೇಡ ಮೇಷ್ಟ್ರೇ, ಆಡಿಟರ್‌ಗೆ ಗೊತ್ತಾಗಲಿ." ಸಭೆ ನಕ್ಕಿತು. ಮೇಷ್ಟ್ರು ನಗಲಿಲ್ಲ.

ಕಾಗದಪತ್ರಕ್ಕೆ ಕೈ ಹಾಕುವ ಮೊದಲು ಮನೆ ಮನೆಗೆ ಹೋಗಿ ಕೇಳಿಕೊಂಡು ಬರೋಣ ಅಂತ ತೀರ್ಮಾನವಾಯಿತು. ಇಬ್ಬಿಬ್ಬರಾಗಿ ಹೋಗಬೇಕು ಅನ್ನುವುದು ಷರತ್ತು. ಇದಕ್ಕೂ ಹಿಂದೆ ಒಂದು ಮೇಲ್ಪಂಕ್ತಿ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಜಾನಂ ಅನ್ನುವ ವಿದ್ಯಾರ್ಥಿ ಕೆಲವು ಗೆಳೆಯರನ್ನು ಕಟ್ಟಿಕೊಂಡು ಬಡವರ ಮನೆಗಳಿಗೆ ಹೋಗತೊಡಗಿದ. ಆಗಷ್ಟೇ ಇಪ್ಪತ್ತು ತುಂಬಿದ ಹುಡುಗ. ಹಿಂದಿನ ವರ್ಷ ಆ ಊರಿನಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. "ನಿಮ್ಮ ಚರ್ಚ್ ಹಿಂದೆ ಏನೇನೋ ಮಾಡಿರಬಹುದು, ಈಗ ಬಡವರಿಗೆ ಏನು ಮಾಡ್ತಿದ್ದೀರಿ?" ಅಂತ ಚರ್ಚಾಕೂಟವೊಂದರಲ್ಲಿ ಬಂದ ಪ್ರಶ್ನೆ ಅವನನ್ನು ಚುಚ್ಚಿತ್ತು. ಉತ್ಸಾಹವೇನೋ ಇತ್ತು, ಯಾರ ಮನೆಗೆ ಹೋಗಬೇಕು, ಹೋಗಿ ಏನು ಮಾಡಬೇಕು ಅನ್ನುವುದು ಆ ಹುಡುಗರಿಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ರೋಸಲಿ ರೆಂದು ಅನ್ನುವ ಸಿಸ್ಟರ್. ಪ್ಯಾರಿಸ್‌ನ ಬಡವರ ಕೇರಿಯಲ್ಲೇ ಬದುಕು ಸವೆಸಿದವರು. ಅವರೇ ವಿಳಾಸ ಕೊಟ್ಟರು, ಬ್ರೆಡ್ಡಿಗೆ, ಸೌದೆಗೆ ಚೀಟಿ ಕೊಟ್ಟರು, ಹೇಗೆ ಮಾತಾಡಿಸಬೇಕು ಅಂತಲೂ ಹೇಳಿಕೊಟ್ಟರು. ಆ ಹುಡುಗರ ಗುಂಪೇ ಮುಂದೆ ಸಂತ ವಿನ್ಸೆಂಟ್ ದೆ ಪೌಲ್ ಸಭೆಯಾಯಿತು. ಇವತ್ತು ಅದು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಸ್ಥಾಪಕರ ಪಟ್ಟಿಯಲ್ಲಿ ರೋಸಲಿಯವರ ಹೆಸರು ಎಷ್ಟೋ ಸಲ ಬಿಟ್ಟೇ ಹೋಗುತ್ತದೆ. ನನಗಂತೂ ಅದು ಸರಿಕಾಣುವುದಿಲ್ಲ.

ನಾನೂ ಆ ಅಕ್ಕನೂ ಜೋಡಿ. ಒಂದು ಮನೆಯಲ್ಲಿ ಒಂಟಿಯಾಗಿದ್ದ ಅಜ್ಜಿ. ಚರ್ಚ್‌ನವರು ಪ್ರತಿ ವರ್ಷ ತಪ್ಪದೆ ಕಂಬಳಿ ಕೊಟ್ಟಿದ್ದರು. ಅಷ್ಟನ್ನೂ ಮಡಿಚಿ ಒಂದರ ಮೇಲೊಂದು ಪೇರಿಸಿ, ಮೇಲೊಂದು ಹಳೆ ಬೆಡ್‌ಶೀಟ್ ಹೊದಿಸಿಟ್ಟಿದ್ದರು. ನಾವು ಕೇಳಿದ್ದಕ್ಕೆಲ್ಲ ನಕ್ಕು ತಲೆಯಾಡಿಸುತ್ತಿದ್ದರು. ಏನು ಬೇಕು ಅಂದರೂ ನಗು, ಊಟ ಆಯ್ತಾ ಅಂದರೂ ನಗು. ಅಕ್ಕನಿಗೆ ಅನುಮಾನ ಬಂತು. ಅಜ್ಜಿಯ ಕಿವಿಯ ಕಡೆ ಬೆರಳು ತೋರಿಸಿದರು. ಅಜ್ಜಿ ಎದ್ದು ಹೋಗಿ ಔಷಧಿ ಡಬ್ಬಿಯಿಂದ ಹತ್ತಿಯಲ್ಲಿ ಸುತ್ತಿದ್ದ ಕಿವಿಯ ಯಂತ್ರ ತಂದು ಅಂಗೈ ಮೇಲೆ ಇಟ್ಟರು. ಯಂತ್ರ ಚೆನ್ನಾಗಿಯೇ ಇತ್ತು. ಬ್ಯಾಟರಿ ಮುಗಿದಿತ್ತು. ಬಟನ್‌ನಷ್ಟು ಚಿಕ್ಕ ಬ್ಯಾಟರಿ. ತಂದುಕೊಡುವವರು ಯಾರೂ ಇರಲಿಲ್ಲ, ಎಲ್ಲಿ ಸಿಗುತ್ತದೆ ಅಂತ ಕೇಳಿಕೊಳ್ಳೋಣ ಅಂದರೆ ಕಿವಿ ಕೇಳಿಸದು.

ಅಲ್ಲಿಂದ ಮೇಲೆ ಭೇಟಿ ಪುಸ್ತಕಕ್ಕೆ ಗೆರೆ ಎಳೆದು ಅಂಕಣ ಮಾಡಿದೆವು. ತಾರೀಖು, ಹೋದ ಇಬ್ಬರ ಹೆಸರು, ಅವರು ಕೇಳಿದ್ದೇನು, ನಾವು ಕೊಟ್ಟ ಮಾತೇನು, ಯಾರು ಮಾಡಬೇಕು. ಕೊನೆಯ ಅಂಕಣದ ತಲೆಬರಹ "ಆಯ್ತಾ?" ಅಂತ. ಪುಟ ತಿರುವಿದಾಗ ಖಾಲಿ ಉಳಿದ "ಆಯ್ತಾ?"ಗಳು ಕಣ್ಣಿಗೆ ಹೊಡೆಯುತ್ತವೆ. ಪುಸ್ತಕ ತುಂಬುತ್ತಾ ಹೋದ ಹಾಗೆ ಒಂದು ವಿಷಯ ನಿಚ್ಚಳವಾಯಿತು. ಜನ ವಸ್ತು ಕೇಳಿದ್ದು ಕಡಿಮೆ. ಆಸ್ಪತ್ರೆಗೆ ಜೊತೆಗೆ ಬರುವವರು ಬೇಕು, ಅರ್ಜಿ ತುಂಬಿಕೊಡುವವರು ಬೇಕು, ಬಂದ ಕಾಗದ ಓದಿ ಹೇಳುವವರು ಬೇಕು. ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕಟ್ಟಿಕೊಂಡು ಬಂದವರಿಗೆ ಆ ರಾತ್ರಿಗೆ ಒಂದು ಸುರಕ್ಷಿತ ಜಾಗ ಬೇಕು. ಕಂಬಳಿ ಯಾರೂ ಕೇಳಲಿಲ್ಲ.

ಸಂಸ್ಥೆಯ ಉದ್ದೇಶ ಬರೆಯುವಾಗ ಈ ಪುಸ್ತಕವೇ ಮುಂದಿತ್ತು. ಇಲ್ಲಿ ಕೆಲಸ ತುಂಬಾ ಎಳೆಯಿತು. ಒಬ್ಬರಿಗೆ ಅನಾಥಾಶ್ರಮ ಬೇಕು, ಇನ್ನೊಬ್ಬರಿಗೆ ವೃದ್ಧಾಶ್ರಮ, ಮತ್ತೊಬ್ಬರಿಗೆ ಆಂಬ್ಯುಲೆನ್ಸ್. ಉದ್ದೇಶವನ್ನು ತೀರಾ ಅಗಲವಾಗಿ ಬರೆದರೆ ಎಲ್ಲವನ್ನೂ ಮಾಡುತ್ತೇವೆ ಅಂತ ಹೇಳಿ ಏನನ್ನೂ ಮಾಡದ ಹಾಗಾಗುತ್ತದೆ. ತೀರಾ ಇಕ್ಕಟ್ಟಾಗಿ ಬರೆದರೆ ನಾಳೆ ಹೊಸ ಅಗತ್ಯ ಬಂದಾಗ ಕೈಕಟ್ಟಿ ಹಾಕಿದ ಹಾಗೆ. ಯಾಕೆಂದರೆ ಒಮ್ಮೆ ನೋಂದಣಿಯಾದ ಮೇಲೆ ಉದ್ದೇಶಕ್ಕೆ ಹೊರತಾದ ಕೆಲಸಕ್ಕೆ ಹಣ ಖರ್ಚು ಮಾಡುವಂತಿಲ್ಲ. ಕೊನೆಗೆ ವಯಸ್ಸು, ಕಾಯಿಲೆ, ಅಂಗವೈಕಲ್ಯ, ಬಡತನ ಅಥವಾ ಮನೆಯೊಳಗಿನ ಹಿಂಸೆಯಿಂದ ಕಷ್ಟಕ್ಕೆ ಸಿಕ್ಕಿ ಆಸರೆ ಇಲ್ಲದವರಿಗೆ ಒತ್ತಾಸೆಯಾಗುವುದು ಅಂತ ಬರೆದೆವು.

ನಮ್ಮವರಿಗೆ ಮಾತ್ರವಾ, ಎಲ್ಲರಿಗೂವಾ ಅನ್ನುವ ಪ್ರಶ್ನೆ ಅಷ್ಟೇನೂ ಕಷ್ಟವಾಗಲಿಲ್ಲ. ಎಲ್ಲರಿಗೂ ಅಂತ ಬೇಗನೇ ಒಪ್ಪಿದರು. ಜಗ್ಗಾಟ ಆದದ್ದು ಪ್ರಾರ್ಥನೆಯ ವಿಚಾರದಲ್ಲಿ. ಭೇಟಿಗೆ ಹೋದಾಗ ಕೊನೆಗೆ ಒಂದು ಪ್ರಾರ್ಥನೆ ಹೇಳಿ ಬಂದರೆ ತಪ್ಪೇನು ಅಂತ ಕೆಲವರು ಕೇಳಿದರು. ನನ್ನ ಮಾತು ಇಷ್ಟೇ ಇತ್ತು: ನಮ್ಮ ಕೈ ನೋಡುತ್ತಾ ಕೂತವರು ಬೇಡ ಅನ್ನುವುದು ಹೇಗೆ? ಅವರು ಕಣ್ಣು ಮುಚ್ಚಿ ಕೈ ಮುಗಿದದ್ದು ಭಕ್ತಿಗೋ, ಮುಂದಿನ ವಾರವೂ ನಾವು ಬರಲಿ ಅಂತಲೋ ಯಾರಿಗೆ ಗೊತ್ತಾಗುತ್ತದೆ?

ಇಲ್ಲಿ ಚಾಡ್ ವಾರಾ ಅವರ ಉದಾಹರಣೆ ಕೆಲಸಕ್ಕೆ ಬಂತು. ಇಂಗ್ಲೆಂಡಿನ ಪಾದ್ರಿ. 1935ರಲ್ಲಿ ಅವರು ನಡೆಸಿದ ಮೊದಮೊದಲ ಶವಸಂಸ್ಕಾರಗಳಲ್ಲಿ ಒಂದು ಹದಿನಾಲ್ಕು ವರ್ಷದ ಹುಡುಗಿಯದು. ಮೈನೆರೆದದ್ದನ್ನೇ ಕೆಟ್ಟ ರೋಗ ಅಂದುಕೊಂಡು, ಕೇಳಲು ಯಾರೂ ಇಲ್ಲದೆ ಪ್ರಾಣ ಕಳೆದುಕೊಂಡಿದ್ದಳು. ಅದು ಅವರ ಮನಸ್ಸಿನಿಂದ ಹೋಗಲಿಲ್ಲ. 1953ರ ನವೆಂಬರ್‌ನಲ್ಲಿ ಲಂಡನ್‌ನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚ್‌ನಲ್ಲಿ, ಬದುಕು ಸಾಕು ಅನಿಸಿದವರು ಕರೆ ಮಾಡಲಿ ಅಂತ ಒಂದು ಫೋನ್ ಇಟ್ಟುಕೊಂಡು ಕೂತರು. ಅವರನ್ನು ಕಾಣಲು ಜನ ಸಾಲುಗಟ್ಟಿದರು. ಕಾಯುವವರಿಗೆ ಚಹಾ ಕೊಟ್ಟು ಮಾತಾಡಿಸಲು ಕೆಲವು ಸ್ವಯಂಸೇವಕರು ಬಂದರು. ಆಮೇಲೆ ನೋಡಿದರೆ, ಎಷ್ಟೋ ಜನ ಪಾದ್ರಿಯನ್ನು ಕಾಣದೆಯೇ ಹಗುರಾಗಿ ಮನೆಗೆ ಹೋಗುತ್ತಿದ್ದರು. ಕಿವಿಗೊಟ್ಟು ಕೇಳುವ ಒಬ್ಬರು ಸಿಕ್ಕಿದ್ದೇ ಅವರಿಗೆ ಸಾಕಾಗಿತ್ತು. ಮರುವರ್ಷದ ಫೆಬ್ರವರಿಯಲ್ಲಿ ವಾರಾ ಆ ಕೆಲಸವನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ಅಲ್ಲಿ ಧರ್ಮ ಬೋಧನೆ ಕೂಡದು ಅಂತ ಕಟ್ಟುನಿಟ್ಟು ಮಾಡಿದವರೂ ಅವರೇ. ಅದೇ ಸಮಾರಿಟನ್ಸ್ ಸಂಸ್ಥೆ. ಚರ್ಚ್‌ನೊಳಗೆ ಹುಟ್ಟಿದ್ದರೂ ಅದು ಇವತ್ತು ಧಾರ್ಮಿಕ ಸಂಸ್ಥೆಯಲ್ಲ.

ನಮ್ಮಲ್ಲಿ ನಿಯಮ ಹೀಗಾಯಿತು: ಅವರಾಗಿ ಕೇಳಿದರೆ ಪ್ರಾರ್ಥನೆ, ಇಲ್ಲದಿದ್ದರೆ ಇಲ್ಲ. ಇಬ್ಬರು ಇದೇ ಕಾರಣಕ್ಕೆ ಬಿಟ್ಟು ಹೋದರು. ಬೇಜಾರಾಯಿತು, ಆದರೆ ಈ ನಿಯಮ ಇಲ್ಲದಿದ್ದರೆ ಸಂಸ್ಥೆ ಮಾಡುವುದರಲ್ಲಿ ಅರ್ಥವಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ.

ಆಮೇಲೆ ಟ್ರಸ್ಟ್ ಡೀಡ್, ಅಂದರೆ ಸಂಸ್ಥೆ ಯಾಕೆ, ಹೇಗೆ ನಡೆಯಬೇಕು ಅಂತ ಹೇಳುವ ಪತ್ರ. ವಕೀಲರು ಮೊದಲು ತೋರಿಸಿದ್ದು ವಿಸರ್ಜನೆಯ ಕಲಮು. ಸಂಸ್ಥೆ ಮುಚ್ಚಿದರೆ ಉಳಿದ ಹಣ ಎಲ್ಲಿಗೆ ಹೋಗಬೇಕು ಅನ್ನುವುದು ಅದು. ಹುಟ್ಟುವ ಮೊದಲೇ ತಿಥಿಯ ಮಾತಾ ಅಂತ ಯಾರೋ ಗೊಣಗಿದರು. ಆದರೆ ಅದು ಇರಲೇಬೇಕು. ಉಳಿದದ್ದು ಇಂಥದ್ದೇ ಕೆಲಸ ಮಾಡುವ ಇನ್ನೊಂದು ಸಂಸ್ಥೆಗೆ ಹೋಗಬೇಕು, ಸದಸ್ಯರ ಜೇಬಿಗಲ್ಲ. ಬ್ಯಾಂಕ್ ಖಾತೆ ಚರ್ಚ್‌ನದ್ದಲ್ಲ, ಸಂಸ್ಥೆಯದ್ದೇ. ಚೆಕ್ಕಿಗೆ ಇಬ್ಬರ ಸಹಿ, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಟ್ರಸ್ಟಿಗಳಲ್ಲಿ ಒಬ್ಬರ ಕಟ್ಟಡದಲ್ಲಿ ನಾವು ಬಾಡಿಗೆಗೆ ಕೋಣೆ ನೋಡಿದ್ದೆವು. ಆ ಚರ್ಚೆ ಬಂದಾಗ ಅವರು ತಾವಾಗಿ ಎದ್ದು ಹೊರಗೆ ಹೋದರು. ಅದನ್ನೂ ನಡಾವಳಿಯಲ್ಲಿ ಬರೆದುಕೊಂಡೆ. ಕೋಣೆ ಅಲ್ಲಿ ಬೇಡ ಅಂತಾಯಿತು. ಅವರು ಮುನಿಸಿಕೊಳ್ಳಲಿಲ್ಲ.

ಚರ್ಚ್‌ನ ಹಾಲ್ ಪಕ್ಕದ ಕೋಣೆಯನ್ನೇ ಫಾದರ್ ಕೊಡುತ್ತೇನೆ ಅಂದರು. ವಕೀಲರು ಅದಕ್ಕೂ ಕರಾರು ಮಾಡಿ ಅಂದಾಗ ಎಲ್ಲರಿಗೂ ಇರಿಸುಮುರಿಸು. "ನಮ್ಮ ಚರ್ಚೇ ಅಲ್ವಾ, ನಮ್ಮ ಫಾದರೇ ಅಲ್ವಾ?" ಫಾದರ್ ಒಂದೇ ಮಾತಿನಲ್ಲಿ ಮುಗಿಸಿದರು: "ನನಗೆ ವರ್ಗ ಆದ ಮೇಲೆ?" ಪಾದ್ರಿಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತಲೇ ಇರುತ್ತದೆ. ಒಬ್ಬರ ಒಳ್ಳೆಯತನದ ಮೇಲೆ ನಿಂತ ಕೆಲಸ ಅವರು ಪೆಟ್ಟಿಗೆ ಕಟ್ಟಿದ ದಿನವೇ ಬಿದ್ದುಹೋಗಬಹುದು. ಚರ್ಚ್‌ಗಳಲ್ಲಿ ಚೆನ್ನಾಗಿ ಶುರುವಾದ ಎಷ್ಟೋ ಕೆಲಸಗಳು ನಿಂತಿರುವುದು ಹೀಗೆಯೇ. ಪ್ರತ್ಯೇಕ ಸಂಸ್ಥೆ ಯಾಕೆ ಅಂತ ಕೇಳುವವರಿಗೆ ನಾನು ಮೊದಲು ಹೇಳುವ ಕಾರಣ ಇದು.

ಎಲ್ಲಕ್ಕಿಂತ ಬಿಸಿ ಏರಿದ್ದು ಸುರಕ್ಷತಾ ನಿಯಮಗಳ ಸಭೆಯಲ್ಲಿ. ಮಕ್ಕಳ, ವೃದ್ಧರ, ಮನಸ್ಸಿನ ಕಾಯಿಲೆ ಇರುವವರ ಹತ್ತಿರ ಹೋಗುವ ಪ್ರತಿಯೊಬ್ಬ ಸ್ವಯಂಸೇವಕರ ಹಿನ್ನೆಲೆಯನ್ನೂ ವಿಚಾರಿಸಬೇಕು. ಪೊಲೀಸ್ ದಾಖಲೆಯ ತಪಾಸಣೆ, ಪರಿಚಯ ಹೇಳುವ ಇಬ್ಬರ ಪತ್ರ. ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. "ಇಲ್ಲಿ ಕೂತಿರೋ ಅರ್ಧ ಜನ ನನ್ನ ಕೈಲಿ ಓದಿದವರು. ನನ್ನನ್ನೇ ಅನುಮಾನಿಸ್ತೀರಾ?" ಯಾರೂ ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಅವರ ಮೇಲೆ ಯಾರಿಗೂ ಅನುಮಾನ ಇರಲಿಲ್ಲ. ಆದರೆ ಗೌರವಸ್ಥರನ್ನು ಬಿಟ್ಟು ಉಳಿದವರನ್ನು ಮಾತ್ರ ತಪಾಸಣೆ ಮಾಡಿದರೆ, ಕೇಡಿಗರು ಗೌರವದ ವೇಷವನ್ನೇ ಹಾಕಿಕೊಂಡು ಬರುತ್ತಾರೆ. ಚರ್ಚ್‌ಗಳೊಳಗೆ ಮಕ್ಕಳ ಮೇಲೆ ನಡೆದ ದೌರ್ಜನ್ಯಗಳ ಬಗ್ಗೆ ಎಷ್ಟೋ ದೇಶಗಳಲ್ಲಿ ತನಿಖೆ ನಡೆದು ವರದಿಗಳು ಬಂದಿವೆ. "ಅವರು ಅಂಥವರಲ್ಲ" ಅನ್ನುವ ನಂಬಿಕೆಯೇ ವರ್ಷಗಟ್ಟಲೆ ಅದನ್ನು ಮುಚ್ಚಿಟ್ಟಿತ್ತು.

ಫಾದರ್ ಅರ್ಜಿ ನಮೂನೆ ಎಳೆದುಕೊಂಡು ಮೊದಲು ತಮ್ಮ ಹೆಸರು ಬರೆದು, ಸಹಿ ಮಾಡಿ, ಪೆನ್ನಿನ ಸಮೇತ ಪಕ್ಕದವರಿಗೆ ದಾಟಿಸಿದರು. ಪೆನ್ನು ಮೇಜಿನ ಸುತ್ತ ಹೋಯಿತು. ಮೇಷ್ಟ್ರು ಆ ದಿನ ಸಹಿ ಮಾಡಲಿಲ್ಲ. ಮುಂದಿನ ಸಭೆಗೆ ಮನೆಯಲ್ಲೇ ತುಂಬಿಕೊಂಡು ಬಂದಿದ್ದರು. ಪರಿಚಯ ಹೇಳುವವರ ಜಾಗದಲ್ಲಿ ತಮ್ಮ ಇಬ್ಬರು ಹಳೆ ವಿದ್ಯಾರ್ಥಿಗಳ ಹೆಸರು ಹಾಕಿದ್ದರು.

ಉಳಿದ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ಮಗುವಿನ ಜೊತೆ ಬಾಗಿಲು ಹಾಕಿಕೊಂಡು ಒಬ್ಬರೇ ಇರುವಂತಿಲ್ಲ. ಯಾರ ಎಟಿಎಂ ಕಾರ್ಡನ್ನೂ ಪಿನ್ ನಂಬರನ್ನೂ ಇಟ್ಟುಕೊಳ್ಳುವಂತಿಲ್ಲ, ಅವರೇ ಕೊಟ್ಟರೂ. ಕೈಸಾಲ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡುವಂತಿಲ್ಲ, ಯಾಕೆಂದರೆ ಯಾರದ್ದಾದರೂ ಜೀವಕ್ಕೆ ಅಪಾಯ ಅಂತ ತಿಳಿದರೆ ಹೇಳಲೇಬೇಕಾಗುತ್ತದೆ. ಅದು ಬಿಟ್ಟರೆ ಕೇಳಿದ್ದು ಕೋಣೆಯಿಂದ ಆಚೆ ಹೋಗಬಾರದು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಮಾತಾಡುವ ನಮ್ಮಂಥವರಿಗೆ ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಫೋಟೊ ಕೂಡದು ಅನ್ನುವುದೂ ಆ ಹಾಳೆಯಲ್ಲಿದೆ. ಒಬ್ಬ ದಾನಿ ದೊಡ್ಡ ಮೊತ್ತ ಕೊಡಲು ಮುಂದೆ ಬಂದರು. ತೆಗೆದುಕೊಳ್ಳುವವರ ಜೊತೆ ನಿಂತು ಒಂದು ಫೋಟೊ, ಅಷ್ಟೇ ಷರತ್ತು. ಟ್ರಸ್ಟಿಗಳು ಬಹಳ ಹೊತ್ತು ಮಾತಾಡಿ ಬೇಡ ಅಂದರು. ದಾನಿ ಹೋದರು, ಹಣವೂ ಹೋಯಿತು. ಆ ದುಡ್ಡಿದ್ದರೆ ಏನೇನು ಆಗುತ್ತಿತ್ತು ಅಂತ ನನಗೆ ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಕೊಟ್ಟದ್ದು ವಸ್ತುವಿಗೇ ಹೋಗಲಿ, ಫೋನ್ ಬಿಲ್ಲಿಗೆ, ಓಡಾಟಕ್ಕೆ ಬೇಡ ಅನ್ನುವವರೂ ಕಡಿಮೆಯಿಲ್ಲ. ಆಸ್ಪತ್ರೆಗೆ ಜೊತೆಗೆ ಹೋಗುವುದೇ ನಮ್ಮ ಸೇವೆ, ಓಡಾಟದ ಖರ್ಚೇ ಸೇವೆಯ ಖರ್ಚು. ಇದನ್ನು ಎಷ್ಟು ಸಲ ವಿವರಿಸಿದರೂ ಕಂಬಳಿ ಬರುವುದು ನಿಂತಿಲ್ಲ.

ನೋಂದಣಿಯ ದಿನಗಳ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅರ್ಜಿ ಹೋಯಿತು, ಒಬ್ಬ ಹಿರಿಯ ಟ್ರಸ್ಟಿಯ ಸಹಿ ಹೊಂದುತ್ತಿಲ್ಲ ಅಂತ ಬ್ಯಾಂಕಿನಿಂದ ಕಾಗದ ವಾಪಸ್ ಬಂತು, ಕೈ ನಡುಗುವ ಆ ವಯಸ್ಸಿನಲ್ಲಿ ಅವರು ಕೂತು ಸಹಿ ಅಭ್ಯಾಸ ಮಾಡಿದರು, ಮತ್ತೆ ಹೋಯಿತು. ಪತ್ರ ಬಂದ ದಿನ ಯಾರೂ ಸಿಹಿ ಹಂಚಲಿಲ್ಲ. ಅಷ್ಟು ಹೊತ್ತಿಗೆ ಸುಸ್ತಾಗಿತ್ತು.

ಆದರೆ ಟ್ರಸ್ಟಿಗಳ ಮಂಡಳಿಯ ವಿಷಯ ಹೇಳಲೇಬೇಕು. ಮಂಡಳಿಯಲ್ಲಿ ಇದ್ದವರೆಲ್ಲ ಕೊಡುವ ಕಡೆಯವರು. ತೆಗೆದುಕೊಳ್ಳುವ ಕಡೆಯವರು ಒಬ್ಬರಾದರೂ ಇರಬೇಡವಾ ಅಂತ ಕೇಳಿದ್ದು ಮೇಷ್ಟ್ರೇ. ಬೈಬಲ್ ತೆಗೆದು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ಓದಿದರು. ಆದಿ ಕ್ರೈಸ್ತರ ಸಮುದಾಯದಲ್ಲಿ ದಿನದ ಹಂಚಿಕೆ ನಡೆಯುವಾಗ ಗ್ರೀಕ್ ಮಾತಾಡುವವರು ಗೊಣಗಿದರು, ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ. ಪ್ರೇಷಿತರು, ಅಂದರೆ ಯೇಸುವಿನ ಹತ್ತಿರದ ಶಿಷ್ಯರು, ಗೊಣಗಿದವರ ಬಾಯಿ ಮುಚ್ಚಿಸಲಿಲ್ಲ. ಹಂಚಿಕೆ ನೋಡಿಕೊಳ್ಳಲು ಏಳು ಜನರನ್ನು ಆರಿಸಿ ಅಂದರು. ಸ್ತೇಫನ, ಫಿಲಿಪ್ಪ ಸೇರಿ ಏಳೂ ಜನರ ಹೆಸರು ಗ್ರೀಕ್ ಹೆಸರುಗಳೇ. "ದೂರಿದವರ ಕೈಗೇ ಹಂಚೋ ಕೆಲಸ ಕೊಟ್ಟರು ನೋಡಿ" ಅಂದರು ಮೇಷ್ಟ್ರು. ಚರ್ಚ್‌ನ ಸೇವೆಗೆ ಮೊದಲ ಸಮಿತಿ ಆದದ್ದೇ ಒಂದು ದೂರಿನಿಂದ ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹಾಗೆ ಬಂದ ಟ್ರಸ್ಟಿ ಒಬ್ಬ ಹೆಣ್ಣುಮಗಳು. ಹಿಂದೆ ಮಕ್ಕಳ ಜೊತೆ ನಮ್ಮಲ್ಲಿಗೆ ಸಹಾಯ ಕೇಳಿ ಬಂದಿದ್ದವರು, ಈಗ ಸ್ವಂತ ಕಾಲ ಮೇಲೆ ನಿಂತಿದ್ದಾರೆ. ಮೊದಲ ಸಭೆಯಲ್ಲಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಕೋಣೆ ತೆರೆಯುವ ಸಮಯದ ಮಾತು ಬಂದಾಗ ಕೈ ಎತ್ತಿದರು. "ನೀವು ಬೆಳಿಗ್ಗೆ ಹತ್ತರಿಂದ ಒಂದು ಗಂಟೆ ಅಂತ ಹಾಕಿದ್ದೀರಿ. ಆ ಹೊತ್ತಲ್ಲಿ ಇಲ್ಲಿಗೆ ಬಂದರೆ ನಮಗೆ ಅರ್ಧ ದಿನದ ಕೂಲಿ ಹೋಗುತ್ತೆ. ಮತ್ತೆ ಬಾಗಿಲು ಚರ್ಚ್ ಅಂಗಳದ ಕಡೆಗಿದೆ, ಎಲ್ಲರೂ ನೋಡ್ತಾರೆ. ಹಿಂದಿನ ಬಾಗಿಲು ಯಾಕೆ ತೆಗೆಯಲ್ಲ?"

ಹಿಂದಿನ ಬಾಗಿಲ ಮುಂದೆ ಆಗ ಕಂಬಳಿಯ ಮೂಟೆಗಳಿದ್ದವು. ಅವನ್ನು ಎತ್ತಿ ಹಾಕಿಸಿದೆವು. ಈಗ ಕೋಣೆ ಸಂಜೆ ಹೊತ್ತು, ಹಿಂದಿನಿಂದ ತೆರೆಯುತ್ತದೆ. ಬೆಳಿಗ್ಗೆ ಬರುತ್ತಿದ್ದವರಿಗಿಂತ ಸಂಜೆ ಬರುವವರು ಜಾಸ್ತಿ. ಬರುವವರಲ್ಲಿ ಗಂಡಸರೂ ಇದ್ದಾರೆ, ಮೊದಲು ಅವರು ಬರುತ್ತಿದ್ದದ್ದೇ ಇಲ್ಲ. ಸಂಜೆಯ ಸರದಿಗೆ ಸ್ವಯಂಸೇವಕರು ಸಾಲುತ್ತಿಲ್ಲ, ಮುಂದಿನ ಸಭೆಯ ಮೊದಲ ವಿಷಯ ಅದೇ.